ತಂಗೆವ್ವ ಕಲಿತ ಅರಬ್ಬಿ

ಮಸ್ಕತ್ತಿನಿಂದ ರಜೆಗೆ ದೊಡವಾಡಕ್ಕೆ ಬಂದ ಮೈತ್ರಿ ಜೋಳದ ಚೀಲಗಳ ಮೇಲೆ ಹತ್ತಿ ಕುಣಿಯುತ್ತಿದ್ದಳು. ತಾಯಿ ಶೈಲಜಾ ಬೆಳಗಿನಿಂದ ‘ಬಿಹೇವ್, ಬಿಹೇವ್’ ಎನ್ನುತ್ತಲೇ ಇದ್ದಳು. ಹುಡುಗಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮಸ್ಕತ್ತಿನ ಓಣಿಯ ಮಕ್ಕಳ ಜೊತೆ ಆಡಿ ಅವಳಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು, ಕನ್ನಡ ಅಷ್ಟಕ್ಕಷ್ಟೇ.

‘ಬಿಹೇವ್ ಅಂದ್ರ ನೆಟ್ಟಗ ಇರು ಅಂತ ಹೌದಲ್ಲೋ? ಇಂಗ್ಲಿಷಿಗೆ ಬಗ್ಗಲಿಲ್ಲಂದ್ರ ಅರಬ್ಬಿಲೇ ಹೇಳತೇನಿ’ ಎಂದ ಅಜ್ಜಿ ತಂಗೆವ್ವ ಬೈಲಹೊಂಗಲದ ಬಸ್ಸು ಹತ್ತಿ, ಅರಬ್ಬಿ ಕಲಿಸುವ ದಸ್ತಗೀರ ಮಾಸ್ತರರ ಮನೆಗೇ ಹೋದಳು.

‘ತಅದ್ದಬೀ ಅನ್ರಿ, ತಂಗೆವ್ವಾರ. ಅದಬಿನಿಂದ, ಮರ್ಯಾದಿಂದ ಇರು ಅಂದಂಗ’ ಎಂದರು ಮಾಸ್ತರರು.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ತಂಗೆವ್ವ ಸೊಂಟಕ್ಕೆ ಕೈಕೊಟ್ಟು ನಿಂತು ಅದನ್ನು ಹೇಳಿದಳು. ಇನ್ನೂ ಚೀಲಗಳ ಮೇಲೇ ಇದ್ದ ಮೈತ್ರಿ ಬಿದ್ದು ಬಿದ್ದು ನಕ್ಕಳು. ಸಾಲದ್ದಕ್ಕೆ, ಹೀಗಲ್ಲ ಹೀಗೆ ಎಂದು ಅಜ್ಜಿಯ ಉಚ್ಚಾರ ಬೇರೆ ತಿದ್ದಿದಳು.

ತಂಗೆವ್ವನ ಪಿತ್ತ ನೆತ್ತಿಗೇರಿತು. ಆ ಮನೆಯಲ್ಲಿ ಸಿಟ್ಟು ಏರಿದಷ್ಟೂ ಮಾತಿನ ಮರ್ಯಾದೆಯೂ ಏರುತ್ತದೆ. ದನಿ ತಗ್ಗಿಸಿ, ‘ಬಾಯಿಸಾಹೇಬ್ರ, ಸ್ವಲ್ಪ ಕೆಳಗ ದಯಮಾಡಸ್ತೀರೇನು?’ ಎಂದಳು.

ಏನೆಂದು ತಿಳಿಯದಿದ್ದರೂ ಹುಡುಗಿ ಸರಸರ ಕೆಳಗಿಳಿದಳು. ಅಡಿಗೆಮನೆಯಲ್ಲಿದ್ದ ಶೈಲಜಾ ಕೂಡ ದುಪಟ್ಟಾ ಸರಿಮಾಡಿಕೊಂಡು ಹೊರಗೆ ಬಂದು ನಿಂತಳು. ಅವ್ವನ ಆ ದನಿ ಅವಳಿಗೆ ಹಳೆಯ ಪರಿಚಯ.

ಮರುದಿನ ಸಕ್ಕರೆ ಕಾಯಿಲೆಯ ತಂಗೆವ್ವ, ಯಾರೂ ಇಲ್ಲವೆಂದು ಬೆಲ್ಲದ ಡಬ್ಬಿಗೆ ಕೈ ಹಾಕಿದಳು. ಬೆನ್ನ ಹಿಂದೆ ತಗ್ಗಿಸಿದ ಪುಟ್ಟ ದನಿಯೊಂದು ಕೇಳಿತು: ‘ಬಾಯಿಸಾಹೇಬ್ರ...’

ತಂಗೆವ್ವ ಡಬ್ಬಿಯ ಮುಚ್ಚಳ ಹಾಕಿ, ಸೆರಗು ಸರಿಮಾಡಿಕೊಂಡಳು.