ಶನಿವಾರದ ಚೀಸ್ ಡಿಪ್

"ಎರಡು ಕುರ್ಚಿ ಸಾಕು ಕಣೇ, ಇನ್ನೆಷ್ಟು ಹೊರ್ತೀಯ?" ಮೆಟ್ಟಿಲ ತಿರುವಿನಲ್ಲಿ ನಿಂತು ಅಕ್ಕ ಗದರಿದಳು. ತಂಗಿ ಕೇಳಿಸಿಕೊಳ್ಳದೆ, ಕೆಳಗಿನ ಮನೆಯವರಿಂದ ಎರವಲು ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಏದುಸಿರು ಬಿಡುತ್ತ ಮೇಲೆ ಬರುತ್ತಿದ್ದಳು. ಅಕ್ಕನ ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

"ಜನ ಬರ್ತಾರೆ ಅಕ್ಕಾ. ಸ್ಮಶಾನಕ್ಕೆ ಅಷ್ಟೊಂದು ಜನ ಬಂದಿರ್ಲಿಲ್ವಾ?"

"ಸ್ಮಶಾನಕ್ಕೆ ಬರ್ತಾರೆ. ಇಲ್ಲಿಗ್ಯಾಕೆ ಬರ್ತಾರೆ? ಎರಡು ವರ್ಷದಿಂದ ಈ ಬಾಗಿಲು ಯಾರು ತಟ್ಟಿದ್ದಾರೆ?"

ತಂಗಿ ಕುರ್ಚಿಗಳನ್ನು ಹೊಸ್ತಿಲ ಬಳಿ ಇಳಿಸಿದಳು. ಆ ಬಾಗಿಲು ಮುಚ್ಚಿಸಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಸಾವು ಸುಲಭದ್ದೇ. ಬುಧವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವನು ಶೂ ಲೇಸ್ ಕಟ್ಟಲು ಬಗ್ಗಿದ, ಮೇಲೇಳಲಿಲ್ಲ. ಇವತ್ತು ಶುಕ್ರವಾರ. ಎರಡು ದಿನದಿಂದ ಅಕ್ಕನಿಗೆ ದುಃಖದ ಜೊತೆಗೆ ಒಂದು ಹೆದರಿಕೆಯೂ ಅಂಟಿಕೊಂಡಿತ್ತು. ಗಂಡ ತನ್ನ ಬಗ್ಗೆ ಹೊರಗೆ ಏನು ಹೇಳಿಕೊಂಡಿದ್ದನೋ! ಸ್ಮಶಾನದಲ್ಲಿ ಗುಂಪು ಗುಂಪಾಗಿ ನಿಂತವರು ಪಿಸುಗುಟ್ಟಿದಾಗಲೆಲ್ಲ ಅವಳ ಕಿವಿಗೆ ಒಂದೇ ಮಾತು ಕೇಳಿಸಿದಂತಾಗುತ್ತಿತ್ತು. ಇವಳೇ ಅಂತೆ, ಗಂಡನ ಸ್ನೇಹಿತರನ್ನು ಹೊಸ್ತಿಲು ದಾಟಿಸದವಳು.

*

ಗಂಡ ಲಿಫ್ಟ್ ಮೆಕ್ಯಾನಿಕ್. ಮೂವತ್ತನಾಲ್ಕು ವರ್ಷ ಒಂದೇ ಕಂಪನಿ. ಕುಡಿತವಿಲ್ಲ, ಇಸ್ಪೀಟಿಲ್ಲ, ಅವನಿಗಿದ್ದ ಒಂದೇ ಚಟವೆಂದರೆ ಜನ. ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತರೆ ಹೋಗಿ, ಬಾಗಿಲು ಮೀಟಿ, ಒಳಗಿದ್ದವರನ್ನು ಕೈಹಿಡಿದು ಹೊರಗೆಳೆಯುವುದು ಅವನ ಕೆಲಸ. ಅಲ್ಲಿಗೆ ಮುಗಿಯಬೇಕು ತಾನೇ? ಇವನು ಅವರನ್ನು ನೇರ ಮನೆಗೇ ಕರೆತರುತ್ತಿದ್ದ.

"ಪಾಪ, ಮುಕ್ಕಾಲು ಗಂಟೆ ಕತ್ತಲಲ್ಲಿ ನಿಂತಿದ್ರು ಕಣೇ. ಕೈ ಹೇಗೆ ನಡುಗ್ತಿದೆ ನೋಡು. ಬಾಯಿಗೆ ಏನಾದ್ರೂ ಸಿಹಿ ಕೊಡು, ಬೇಗ."

ಹೇಳದೆ ಕೇಳದೆ ಬಂದವರಿಗೆ ಬೇಗ ಅಂದರೆ ಏನು ಮಾಡುವುದು? ಮೊದಲ ಸಲ ಮನೆಯಲ್ಲಿದ್ದದ್ದು ಒಂದು ಡಬ್ಬಿ ಕ್ರೀಮ್ ಚೀಸ್, ಅರ್ಧ ಲೋಟ ಕೆನೆ, ಒಂದಿಷ್ಟು ಜೇನುತುಪ್ಪ. ಅಷ್ಟರಲ್ಲೇ ಅಕ್ಕ ದಾರಿ ಕಂಡುಕೊಂಡಳು. ಚೀಸಿನ ಬಟ್ಟಲನ್ನು ಬಿಸಿನೀರಿನ ಪಾತ್ರೆಯ ಮೇಲೆ ಒಂದು ನಿಮಿಷ ಇಟ್ಟರೆ ಅದು ಮೆತ್ತಗಾಗುತ್ತದೆ. ಮರದ ಸೌಟಿನಿಂದ ನುಣ್ಣಗೆ ಕಲಸಿ, ಕೆನೆ ಬೆರೆಸಿ, ಎರಡೇ ಎರಡು ಚಮಚ ಜೇನು, ಸೋಸಿದ ನಿಂಬೆರಸ ನಾಲ್ಕು ಹನಿ. ಪಕ್ಕಕ್ಕೆ, ಅದ್ದಿಕೊಂಡು ತಿನ್ನಲು, ಸೇಬಿನ ಹೋಳು, ಬಿಸ್ಕತ್ತು. ಅದೇ ಅವಳ ಚೀಸ್ ಡಿಪ್. ಐದು ನಿಮಿಷದ ಕೆಲಸ. ಲಿಫ್ಟಿನಿಂದ ಬಿಳಿಚಿಕೊಂಡು ಬಂದವರು ಬಟ್ಟಲು ಖಾಲಿಯಾಗುವಷ್ಟರಲ್ಲಿ ನಗುತ್ತಿದ್ದರು, ಮುಂದಿನ ಶನಿವಾರ ತಾವಾಗಿಯೇ ಬರುತ್ತಿದ್ದರು. "ಇದ್ರಲ್ಲಿ ಒಂದು ಗಂಟು ತೋರ್ಸಿ ನೋಡೋಣ" ಎಂದು ಅಕ್ಕ ಬಂದವರಿಗೇ ಸವಾಲು ಹಾಕುತ್ತಿದ್ದಳು. ಒಬ್ಬರೂ ತೋರಿಸಲಿಲ್ಲ.

ಆದರೆ ಅವಳಿಗೂ ಕೆಲಸವಿತ್ತು. ದೊಡ್ಡ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ. ವರ್ಷ ಕಳೆದ ಹಾಗೆ ಕಾಲು ಊದತೊಡಗಿತು. ಎರಡು ವರ್ಷದ ಹಿಂದಿನ ಒಂದು ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬಂದರೆ ಒಳಗೆ ನಾಲ್ಕು ಜನ ಹೊಸಬರು. ಮುಖ ಗಂಟಿಕ್ಕಿಕೊಂಡೇ ಡಿಪ್ ಮಾಡಿ ಕೊಟ್ಟಳು. ಅವರು ಮೆಟ್ಟಿಲು ಇಳಿಯುತ್ತಿದ್ದಾಗಲೇ, ಕೇಳಿದರೆ ಕೇಳಲಿ ಎಂಬಂತೆ ಸಿಡಿದಳು.

"ಇದು ಮನೆನಾ ಛತ್ರನಾ? ನಾನೇನು ನಿಮ್ಮ ಲಿಫ್ಟಾ, ಬಟನ್ ಒತ್ತಿದ ತಕ್ಷಣ ಓಡೋದಕ್ಕೆ? ಇನ್ನು ಈ ಮನೆಗೆ ಒಬ್ಬರೂ ಬರಕೂಡದು, ಹೇಳಿದೀನಿ!"

ಮಾತಿಗೆ ಮಾತು ಕೊಡುವ ಗಂಡ ಅವತ್ತು ಅವಳ ಕಾಲನ್ನೇ ನೋಡಿದ. "ಆಯ್ತು" ಅಂದ. ಎಂಜಲು ಬಟ್ಟಲುಗಳನ್ನು ತಾನೇ ತೊಳೆದು ಬೋರಲು ಹಾಕಿದ. ಮಾರನೆಯ ದಿನದಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಮೊದಲ ವಾರ ಹಾಯೆನಿಸಿತು. ಆಮೇಲೆ ಮನೆ ಬಿಕೋ ಎನ್ನತೊಡಗಿತು. ಯಾರನ್ನಾದ್ರೂ ಕರ್ಕೊಂಡು ಬನ್ನಿ ಎನ್ನಲು ಎಷ್ಟೋ ಸಲ ಬಾಯಿ ತೆರೆದಳು, ಹಟ ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರ ಮೇಲೆ ಜೇನಿನ ಬಾಟಲಿ ವಾರವಾರವೂ ಬರಿದಾಗುವುದು ಕಣ್ಣಿಗೆ ಬಿತ್ತು. ಸಕ್ಕರೆ ಕಾಯಿಲೆಯ ಗಂಡ ಕದ್ದು ತಿನ್ನುತ್ತಿದ್ದಾನೆಂದು ಬಾಟಲಿಯನ್ನು ಅಟ್ಟಕ್ಕೇರಿಸಿದಳು. ಲಿಫ್ಟ್ ಮೆಕ್ಯಾನಿಕ್‌ನಿಂದ ವಸ್ತುವನ್ನು ಎತ್ತರದಲ್ಲಿ ಬಚ್ಚಿಟ್ಟ ಹಾಗಾಯಿತು. "ಕಳ್ಳ ಬೆಕ್ಕು" ಎಂದು ಬೈದರೆ ಅವನು ಸುಮ್ಮನೆ ನಕ್ಕುಬಿಡುತ್ತಿದ್ದ.

*

ಮೂರು ಗಂಟೆಯ ಹೊತ್ತಿಗೆ ಬಾಗಿಲು ಸದ್ದಾಯಿತು. ಮೊದಲು ಬಂದವನು ಗಂಡನ ಜೊತೆ ಕೆಲಸ ಮಾಡುತ್ತಿದ್ದ ಗಿಡ್ಡಣ್ಣ. ಆರಡಿ ಮೂರಂಗುಲದ ಆಳಿಗೆ ಆ ಹೆಸರಿಟ್ಟವನು ಗಂಡನೇ. ಅವನ ಹಿಂದೆ ಹಲ್ಲಿನ ಡಾಕ್ಟರು. ಕಾಲೇಜಿನ ದಿನಗಳಲ್ಲಿ ಏಳು ಎಂಟನೇ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಅತ್ತಿದ್ದ ಹುಡುಗಿ ಅವಳು. ಅವಳ ತೋಳು ಹಿಡಿದು ಪೇಪರ್ ಮಾರುವ ಅಜ್ಜ. ಅವರ ಹಿಂದೆ ಇನ್ನೂ ಹತ್ತಿಪ್ಪತ್ತು ಜನ. ಕುರ್ಚಿಗಳು ಸಾಲದೆ ಕೆಲವರು ಗೋಡೆಗೊರಗಿ ನೆಲದ ಮೇಲೆ ಕೂತರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಯಾರು ಮೊದಲು ಚುಚ್ಚುತ್ತಾರೋ ಎಂದು ಕಾದಳು.

"ಅತ್ತಿಗೆ, ಮೊದ್ಲು ಕೂತ್ಕೊಳ್ಳಿ" ಅಂದ ಗಿಡ್ಡಣ್ಣ. "ನೀವು ನಿಂತಿರೋದು ಕಂಡಿದ್ರೆ ಅಣ್ಣ ನಮ್ಮನ್ನ ಸುಮ್ನೆ ಬಿಡ್ತಿರ್ಲಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ನಿಮ್ಮ ಕಾಲು! 'ಜನ ಬಂದ್ರೆ ಅವಳು ಒಂದ್ಕಡೆ ಕೂರಲ್ಲ ಕಣ್ರೋ, ಅದಕ್ಕೇ ಮನೆಗೆ ಕರೀತಿಲ್ಲ, ತಪ್ಪು ತಿಳ್ಕೋಬೇಡಿ' ಅಂತ ಎಷ್ಟು ಸಲ ಹೇಳಿದಾರೆ."

"ಆದ್ರೂ ನೀವು ಬಿಡ್ಲಿಲ್ಲ ಆಂಟಿ" ಅಂದಳು ಡಾಕ್ಟರು. ಅವಳ ಕಣ್ಣು ಕೆಂಪಾಗಿತ್ತು. "ಆ ನೋವಲ್ಲೂ ಪ್ರತಿ ಶನಿವಾರ ಡಿಪ್ ಮಾಡಿ ಅಂಕಲ್ ಕೈಲಿ ಕಳಿಸ್ತಿದ್ರಲ್ಲ. ಒಂದ್ಸಲಾನೂ ನಿಮಗೆ ಥ್ಯಾಂಕ್ಸ್ ಹೇಳಿರ್ಲಿಲ್ಲ ನಾವು."

ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. "ನಾನು... ಕಳಿಸ್ತಿದ್ದೆನಾ?"

"ಮತ್ತೆ? ದೊಡ್ಡ ಸ್ಟೀಲ್ ಡಬ್ಬಿ ತುಂಬ!"

ಆಗ ಒಬ್ಬರ ಮಾತಿನಿಂದ ಒಬ್ಬರು ಎತ್ತಿಕೊಂಡು ಎಲ್ಲ ಹೇಳಿದರು. ಶನಿವಾರ ಮಧ್ಯಾಹ್ನ ಹತ್ತು ಮಹಡಿಯ ಆಫೀಸ್ ಕಟ್ಟಡದಲ್ಲಿ ಲಿಫ್ಟಿನ ಸರ್ವೀಸು. ತಾರಸಿಯ ಮೇಲೆ ಮೆಷಿನ್ ರೂಮು, ಗ್ರೀಸಿನ ವಾಸನೆ, ಕೂರುವುದಕ್ಕೆ ಖಾಲಿ ಡ್ರಮ್ಮುಗಳು. ಅಲ್ಲೇ ಎಲ್ಲರ ಕೂಟ. ಸರ್ವೀಸಿಗೆಂದು ಲಿಫ್ಟ್ ನಿಲ್ಲಿಸಿರುತ್ತಿದ್ದುದರಿಂದ ಲಿಫ್ಟಿನವನ ಅತಿಥಿಗಳು ಹತ್ತು ಮಹಡಿಯನ್ನೂ ಕಾಲಲ್ಲೇ ಹತ್ತಬೇಕು. ಪೇಪರ್ ಅಜ್ಜ ಮಹಡಿಗೊಂದು ಸಲ ಕೂತು, ಮಹಡಿಗೊಂದು ಸಲ ಬೈದು, ಮೇಲೆ ತಲುಪುವಷ್ಟರಲ್ಲಿ ಅರ್ಧ ಡಬ್ಬಿ ಖಾಲಿಯಾಗಿರುತ್ತಿತ್ತಂತೆ.

"ಒಂದ್ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ತಾಯಿ" ಅಂದ ಅಜ್ಜ. "ಮುಂಚೆ ಈ ಮನೇಲಿ ತಿಂತಿದ್ದ ರುಚಿ ಆ ಡಬ್ಬೀಲಿ ಇರ್ಲಿಲ್ಲ."

"ಅಜ್ಜಾ, ಸುಮ್ನಿರಿ!" ಗಿಡ್ಡಣ್ಣ ಮೊಣಕೈಯಿಂದ ತಿವಿದ.

"ಇದ್ದದ್ದು ಹೇಳೋಕೇನಯ್ಯಾ? ಬರೀ ಗಂಟು. ಜೇನು ಸುರಿದು ಸುರಿದು ಗಂಟಲೇ ಕಟ್ಟೋದು."

"ನಿಂಬೆ ಬೀಜ ಬೇರೆ" ಅಂದಳು ಡಾಕ್ಟರು, ಅಳುವಿನ ನಡುವೆಯೂ ನಗು ತಡೆಯಲಾಗದೆ. "ಒಂದ್ಸಲ ಕಚ್ಚಿ, ಹಲ್ಲಿನ ಡಾಕ್ಟ್ರೇ ಹಲ್ಲು ತೋರಿಸ್ಕೊಳ್ಳೋಕೆ ಹೋಗಬೇಕಾಯ್ತು."

"ವಯಸ್ಸಾಯ್ತಲ್ಲ, ಅತ್ತಿಗೆಗೆ ಕೈ ತಪ್ಪಿದೆ ಅಂದ್ಕೊಂಡ್ವಿ" ಅಂದ ಗಿಡ್ಡಣ್ಣ, ನೆಲ ನೋಡುತ್ತ. "ಆದ್ರೂ ಒಂದು ಚೂರು ಉಳಿಸ್ತಿರ್ಲಿಲ್ಲ. ನಾವು ಬಾಯಿಗಿಟ್ರೆ ಅಣ್ಣ ನಮ್ಮ ಮುಖಾನೇ ನೋಡ್ತಿರ್ತಿದ್ರು. ಹೇಗಿದೆ, ಹೇಗಿದೆ ಅಂತ."

ಅಕ್ಕನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೂವತ್ತು ವರ್ಷ ಒಂದು ಗಂಟು ಬೀಳದಂತೆ ಕಾಪಾಡಿಕೊಂಡ ಕೈರುಚಿಯ ಹೆಸರನ್ನು ಮಹಾರಾಯ ಹತ್ತನೇ ಮಹಡಿಗೆ ಹೊತ್ತುಕೊಂಡು ಹೋಗಿ ಹಾಳು ಮಾಡಿದ್ದ! ಅದು ನಾನು ಮಾಡಿದ್ದಲ್ಲ ಎಂಬ ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ಅವಳಿಗೆ ಹೊಳೆಯಿತು. ಅವಳು ಲಾಂಡ್ರಿಗೆ ಹೊರಟ ಮೇಲೆ, ತಾನು ಹೊರಡುವ ಮುಂಚಿನ ಹತ್ತು ನಿಮಿಷದಲ್ಲಿ, ಒಂದು ಲೋಟ ಹಾಲು ಕಾಯಿಸಲು ಬಾರದ ಗಂಡಸು ಇಲ್ಲೇ ನಿಂತು ಚೀಸ್ ಕಲಸಿದ್ದಾನೆ. ಬಾಗಿಲು ಹಾಕಿದವಳು ಎನ್ನಿಸಿಕೊಳ್ಳಬೇಕಾದವಳನ್ನು, ಕಾಲು ನೋವಲ್ಲೂ ಮಾಡಿ ಕಳಿಸಿದವಳನ್ನಾಗಿ ಮಾಡಿದ್ದಾನೆ. ವಾರಕ್ಕೊಮ್ಮೆ, ಎರಡು ವರ್ಷ. ತಾನೋ, ಅವನನ್ನು ಕಳ್ಳ ಬೆಕ್ಕು ಎಂದು ಬೈದಿದ್ದಳು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ನಾಳೆ ಶನಿವಾರ" ಎಂದು ಅಜ್ಜ ಯಾರಿಗೂ ಅಲ್ಲದಂತೆ ಅಂದ.

"ಎಲ್ರೂ ಕೂತಿರಿ" ಎಂದು ಅಕ್ಕ ಒಳಗೆ ಹೋದಳು.

ಬೆನ್ನ ಹಿಂದೆಯೇ ತಂಗಿಯೂ ಬಂದು ಬಾಗಿಲು ಅರ್ಧ ಮುಂದೆ ಮಾಡಿದಳು. "ಅಕ್ಕಾ, ಅದೆಲ್ಲ ಭಾವ ಮಾಡಿದ್ದಾ?"

"ಹೂಂ."

"ಹೇಳ್ಬಿಡು ಮತ್ತೆ. ಬೇಡ, ಬಾಯಲ್ಲಿ ಹೇಳೋದೂ ಬೇಡ. ನಿನ್ನ ಕೈಯದು ಮಾಡಿ ಮುಂದಿಡು. ಒಂದು ತುತ್ತಿಗೇ ಗೊತ್ತಾಗುತ್ತೆ, ಯಾವುದು ಯಾರದು ಅಂತ."

ನಿಜವೇ. ಫ್ರಿಜ್ಜಿನಲ್ಲಿ ನಾಳೆಗೆಂದು ಗಂಡ ತಂದಿಟ್ಟ ಚೀಸ್ ಡಬ್ಬಿಗಳಿದ್ದವು, ನಾಲ್ಕು, ಸೊಪ್ಪಿನ ಹಿಂದೆ ಅಡಗಿಸಿಟ್ಟಿದ್ದವು. ತಂಗಿ ಒಲೆಯ ಮೇಲೆ ನೀರಿಟ್ಟಳು. ಅಕ್ಕ ಒಲೆ ಆರಿಸಿದಳು.

ಕಲ್ಲಿನಂತಿದ್ದ ಚೀಸನ್ನು ಹಾಗೇ ದೊಡ್ಡ ಪಾತ್ರೆಗೆ ಸುರಿದಳು. ಮರದ ಸೌಟು ಕೈಗೆತ್ತಿಕೊಂಡವಳು ಅದನ್ನು ಬಿಟ್ಟು ಚಮಚ ಹಿಡಿದು ಒತ್ತತೊಡಗಿದಳು. ಕೆನೆ ಸುರಿದಳು. ಅದು ಒಂದು ಕಡೆ ನಿಂತಿತು, ಚೀಸ್ ಇನ್ನೊಂದು ಕಡೆ ನಿಂತಿತು. ಚೆನ್ನಾಗಿ ಮಾಡಿ ಅಭ್ಯಾಸವಾದ ಕೈಗೆ ಕೆಡಿಸಿ ಮಾಡುವುದು ಕಷ್ಟವೇ ಆಯಿತು.

"ಅಕ್ಕಾ, ಗಂಟು ಒಡೆದಿಲ್ಲ."

"ಇರಲಿ."

"ಅಷ್ಟು ಜೇನಾ? ಯಾರು ತಿಂತಾರೆ ಅದನ್ನ?"

"ಎರಡು ವರ್ಷ ತಿಂದಿದಾರೆ" ಎಂದು ಅಕ್ಕ ಬಾಟಲಿಯನ್ನು ಇನ್ನೂ ಬಗ್ಗಿಸಿದಳು. ನಿಂಬೆಹಣ್ಣು ಕೊಯ್ದು ಪಾತ್ರೆಯ ಮೇಲೆಯೇ ಹಿಂಡಿದಳು. ತಂಗಿ ಸೋಸುವ ಜಾಲರಿ ಹಿಡಿದುಕೊಂಡು ನಿಂತೇ ಇದ್ದಳು. ಬೀಜಗಳು ಒಂದೊಂದಾಗಿ ಒಳಗೆ ಬಿದ್ದವು.

ನಡುಮನೆಯ ಮೇಜಿನ ಮೇಲೆ ಪಾತ್ರೆ ಇಟ್ಟಾಗ ಎಲ್ಲರೂ ಒಮ್ಮೆಗೇ ಕೈ ಹಾಕಲು ಸಂಕೋಚಪಟ್ಟರು. ಮೊದಲು ಅದ್ದಿದವನು ಗಿಡ್ಡಣ್ಣ. ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡ, ಅಗಿದ, ಅಗಿಯುವುದನ್ನು ನಿಲ್ಲಿಸಿದ. ಆರಡಿ ಮೂರಂಗುಲದ ಆಳು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ.

"ಇದೇ" ಅಂದ ಅಂಗೈಗಳ ಒಳಗಿನಿಂದಲೇ. "ಇದೇ ಅತ್ತಿಗೆ. ಸ್ವಲ್ಪಾನೂ ಬದಲಾಗಿಲ್ಲ."

ಆಮೇಲೆ ಕೈಗಳು ಒಂದರ ಮೇಲೊಂದು ಬಂದವು. ಡಾಕ್ಟರು ಹುಷಾರಾಗಿ ಅಗಿದಳು. ಅಜ್ಜ "ಈಗಲೂ ಗಂಟೇ" ಎಂದು ಗೊಣಗಿ ಮತ್ತೆ ಅದ್ದಿದ. ಯಾರೋ ಒಂದು ಕುರ್ಚಿ ತೆರವು ಮಾಡಿ ಅಕ್ಕನನ್ನು ಕೂರಿಸಿದರು, ಇನ್ಯಾರೋ ಊದಿದ ಕಾಲುಗಳ ಕೆಳಗೆ ಸ್ಟೂಲು ತಳ್ಳಿದರು. ಅವಳು ಬಿಸ್ಕತ್ತಿನ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡು ಬಾಯಿಗಿಟ್ಟಳು. ತಣ್ಣನೆಯ ಗಂಟು, ಅದರ ಸುತ್ತ ಗಂಟಲು ಕಟ್ಟುವಷ್ಟು ಸಿಹಿ. ನಿಜಕ್ಕೂ ಚೆನ್ನಾಗಿರಲಿಲ್ಲ. ಬೀಜವೊಂದು ಹಲ್ಲಿಗೆ ಸಿಕ್ಕಿತು. ಅದನ್ನು ಉಗಿಯದೆ ದವಡೆಯ ಪಕ್ಕಕ್ಕೆ ಸರಿಸಿಟ್ಟುಕೊಂಡು, ಅವಳು ಪಾತ್ರೆಗೆ ಮತ್ತೆ ಕೈ ಚಾಚಿದಳು.