ಅಳಿವೆಯ ಕಥೆಗೆ ಅಂಕ

ಬಿ.ಎ. ಕೊನೆಯ ವರ್ಷದವರಿಂದ ನಾಗಶ್ರೀ ಮೇಡಂ ಆಂತರಿಕ ಅಂಕಗಳಿಗೆಂದು ಒಂದೊಂದು ಕಥೆ ಬರೆಸಿದ್ದರು. ಬಂದವುಗಳಲ್ಲಿ ಅಮದಳ್ಳಿಯ ನಿತೇಶನದು ಎದ್ದು ಕಾಣುತ್ತಿತ್ತು. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟರು. 'ಕುಡುಕನ ಚಿತ್ರಣ ಬಹಳ ಸಹಜ' ಎಂದು ಅಂಚಿನಲ್ಲಿ ಬರೆದರು. ಕಾಲೇಜಿನ ವಾರ್ಷಿಕ ಸಂಚಿಕೆಗೂ ಅದೇ ಇರಲಿ ಎಂದುಕೊಂಡು, ತರಗತಿಯಲ್ಲಿ ಓದಲು ಹೇಳಿದರು.

"ಬೇಡ ಮೇಡಂ. ಬೇರೆ ಯಾರದ್ದಾದ್ರೂ ಓದ್ಸಿ," ಎಂದ ನಿತೇಶ.

ಸಂಕೋಚವೆಂದುಕೊಂಡು ಅವರು ಬಿಡಲಿಲ್ಲ.

ಕುಡಿದ ಮತ್ತಿನಲ್ಲಿ ಹೊರಟ ಮೀನುಗಾರನೊಬ್ಬ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ಸಾಯುವ ಕಥೆ ಅದು. ನಿತೇಶ ತಲೆಯೆತ್ತದೆ ಓದಿದ. ಅರ್ಧಕ್ಕೆ ಬರುವಷ್ಟರಲ್ಲಿ ಕೋಣೆಯೆಲ್ಲ ಬಿಗಿದುಕೊಂಡಂತಾಯಿತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ರೋಹಿತ ಎದ್ದ.

"ನಮ್ಮಪ್ಪ ಕುಡೀತಿರ್ಲಿಲ್ಲ."

ನಾಗಶ್ರೀಗೆ ಏನೂ ಅರ್ಥವಾಗಲಿಲ್ಲ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಅವರು ಈ ಕಾಲೇಜಿಗೆ ಸೇರಿದ್ದೇ ಈ ವರ್ಷ. ಮುಂದಿನ ಬೆಂಚಿನ ಪೂರ್ಣಿಮಾ ಮೆಲ್ಲಗೆ, "ರೋಹಿತನ ಅಪ್ಪ ದೇವಬಾಗದ ಅಳಿವೆಲಿ ಹಾಂಗೇ ದೋಣಿ ಮಗುಚಿ ಹೋದ್ದು ಮೇಡಂ," ಎಂದಳು.

ರೋಹಿತ ಬಂದು ಹಾಳೆಗಳನ್ನು ಕಿತ್ತುಕೊಂಡ. ಹರಿದೇಬಿಡುತ್ತಾನೆ ಎಂದುಕೊಂಡರು ಎಲ್ಲರೂ. ಅವನ ಕಣ್ಣು ಕೆಂಪು ಶಾಯಿಯ ಮೇಲೆ ಬಿತ್ತು.

"ಸಹಜ ಅಂತ ಬರ್ದೀರಿ. ನಮ್ಮಪ್ಪನ್ನ ನೀವು ನೋಡಿದ್ರಾ?"

"ಇಲ್ಲ," ಎಂದರು ನಾಗಶ್ರೀ. ಅಷ್ಟು ಸಲೀಸಾಗಿ ಆ ಮಾತು ಬರೆದ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ನೀ ಹೇಳು," ರೋಹಿತ ನಿತೇಶನತ್ತ ತಿರುಗಿದ. "ಎಂತಕ್ಕೆ ಹಾಂಗೆ ಬರೆದೆ?"

"ನಿಮ್ಮಪ್ಪ ಕುಡಿಯೂದಿಲ್ಲ ಅಂತ ಊರಿಗೇ ಗೊತ್ತಲ್ವನಾ. ಕುಡುಕ ಅಂತ ಬರೆದ್ರೆ ಅವರಲ್ಲ ಅಂತಾಗ್ತದೆ ಅಂದ್ಕಂಡೆ. ದೇವರಾಣೆ."

ಹಿಂದಿನಿಂದ ಯಾರೋ ಬೈದರು. ರೋಹಿತ ಕೇಳಿಸಿಕೊಳ್ಳದವನಂತೆ ಹಾಳೆ ತಿರುವಿ ಕೊನೆಯ ಪುಟ ಓದತೊಡಗಿದ. ಅಲ್ಲಿ ಸತ್ತವನ ಹೆಂಡತಿ ಒಲೆಯ ಮುಂದೆ ಕೂತು, ಬಂದವರಿಗೆಲ್ಲ, 'ಸಾರು ಇಳಿಸ್ಬೇಡಿ, ಅವ್ರಿಗೆ ತಣ್ಣಗಿದ್ರೆ ಆಗೂದಿಲ್ಲ' ಎನ್ನುತ್ತಿದ್ದಳು.

"ಇದು ಆಯಿ ಹೇಳಿದ್ದು," ಎಂದ ರೋಹಿತ. ತಾಯಿಯ ಮಾತು ಕಂಡು ಅವನ ದನಿ ಇಳಿದಿತ್ತು. "ನಿಂಗೆ ಹ್ಯಾಂಗೆ ಗೊತ್ತು?"

"ಅವತ್ತು ಹೈಸ್ಕೂಲಿಂದ ನಾವೆಲ್ಲ ನಿಮ್ಮನೆಗೆ ಬಂದಿದ್ವಲ್ಲ. ಎಲ್ರೂ ಅಂಗಳದಲ್ಲಿ ಕೂತ್ರು. ನಾ ನೀರು ಕೇಳೂಕೆ ಒಳಗೆ ಹೋಗಿದ್ದೆ. ಅದು ಮರೆಯೂಕೇ ಆಗ್ಲಿಲ್ಲ."

ರೋಹಿತ ಆ ಸಾಲನ್ನು ಮತ್ತೊಮ್ಮೆ ಓದಿದ. ನಾಗಶ್ರೀ ಹತ್ತಿರ ಬಂದು, "ತಪ್ಪು ನಂದು ರೋಹಿತ. ಬೇಡ ಅಂದ್ರೂ ಇವನ ಹತ್ರ ನಾನೇ ಓದ್ಸಿದೆ. ಈ ಅಂಕ ತೆಗೀಲಾ?" ಎಂದರು.

"ಅಂಕ ಇರ್ಲಿ. ಆಯಿ ಮಾತು ಚಲೋ ಬರ್ದಾನೆ." ಹಾಳೆಗಳನ್ನು ಮೇಜಿನ ಮೇಲಿಟ್ಟ. "ಆದ್ರೆ ಸಂಚಿಕೆಲಿ ಹಾಕ್ಬೇಡಿ. ನಾ ಮನೆಗೆ ತಕಂಡು ಹೋಗೂದನ್ನೆಲ್ಲ ಆಯಿ ಓದ್ತಾಳೆ."

ಬ್ಯಾಗು ಹೆಗಲಿಗೇರಿಸಿ ಹೊರಟುಹೋದ. ನಿತೇಶ ಅವನ ಹಿಂದೆ ಬಾಗಿಲವರೆಗೆ ಹೋಗಿ ಅಲ್ಲೇ ನಿಂತ.

ಹದಿನೆಂಟು ಹಾಗೇ ಉಳಿಯಿತು. ಸಂಚಿಕೆಗೆ ಪೂರ್ಣಿಮಾಳ ಕಥೆ ಹೋಯಿತು. ರೋಹಿತ ಎರಡು ದಿನ ಬರಲಿಲ್ಲ, ಆಮೇಲೆ ಬಂದ. ನಿತೇಶನ ಜೊತೆ ಮಾತಿಗೆ ತೊಡಗಿದ್ದು ಪರೀಕ್ಷೆ ಹತ್ತಿರವಾದ ಮೇಲೆ, ಅದೂ ಪಾಠದ ಸಂಶಯ ಕೇಳಲು.