ಬೆಕ್ಕಿನ ಪುಟಕ್ಕೆ ಒಂದು ಸಾಲು

ಫ್ಯಾನಿನ ಗಾಳಿಗೆ ಪ್ರೂಫಿನ ಮೂಲೆ ಮತ್ತೆ ಮತ್ತೆ ಏಳುತ್ತಿದೆ, ಕತ್ತರಿ ಇಟ್ಟರೆ ಸುಮ್ಮನಾಗುತ್ತದೆ, ಇಟ್ಟಳು, ಸುಮ್ಮನಾಯಿತು — ವಿಶ್ವಕೋಶದ ಪ್ರಾಣಿ ಸಂಪುಟ, ಬೆಕ್ಕಿನ ಪುಟ, ಊಟದ ಹೊತ್ತಿಗೆ ಅಚ್ಚಿಗೆ ಹೋಗಬೇಕು, ಹೋಗುತ್ತದೆ, ಅವಳು ಕೈಹಚ್ಚಿದ್ದು ಯಾವತ್ತು ತಡವಾಗಿದೆ, ಆದರೆ ಹಳೆಯ ಆವೃತ್ತಿಯ ಸುಳ್ಳುಗಳನ್ನು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಎಸೆಯದೆ ಅದು ಈ ಮೇಜು ಬಿಟ್ಟು ಕದಲುವುದಿಲ್ಲ. ಸುಳ್ಳುಗಳೋ, ಒಂದಕ್ಕಿಂತ ಒಂದು ಸೊಗಸು: ಬೆಕ್ಕಿಗೆ ಹಾಲೇ ಶ್ರೇಷ್ಠ ಆಹಾರ — ಕೆಂಪು ಗೀಟು, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ — ಬರೆದ ಪುಣ್ಯಾತ್ಮರು ಬೆಕ್ಕನ್ನು ಒಂದು ಮಾತು ಕೇಳಬೇಕಿತ್ತು, ಗಾಢಾಂಧಕಾರದಲ್ಲೂ ಕಣ್ಣು ಕಾಣುತ್ತದೆ — ಚೂರಾದರೂ ಬೆಳಕು ಬೇಕು ಸ್ವಾಮಿ, ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತದೆ, ಮನುಷ್ಯರನ್ನಲ್ಲ — ಇದಕ್ಕೆ ಎರಡು ಗೀಟು, ಕಾಗದ ಹರಿಯುವ ಹಾಗೆ, ಏಕೆಂದರೆ ಹಾಗಿದ್ದರೆ ಸಾಹೇಬ ಸಂಜೆ ಅವಳ ಚಪ್ಪಲಿ ಸದ್ದಿಗೆ ಎದ್ದು ಬಾಗಿಲಿಗೆ ಯಾಕೆ ಬರಬೇಕು, ಮನೆ ಎಲ್ಲಿಗೂ ಹೋಗಿರುವುದಿಲ್ಲವಲ್ಲ. ಸಾಹೇಬ ಎಂದರೆ ಅವಳ ಬೆಕ್ಕು, ಮೈಯೆಲ್ಲ ಕಪ್ಪು, ಮುಂದಿನ ಒಂದು ಪಾದ ಮಾತ್ರ ಬಿಳಿ, ಸುಣ್ಣದ ಡಬ್ಬಕ್ಕೆ ಕಾಲಿಟ್ಟು ಬಂದವನ ಹಾಗೆ. ಸಿಕ್ಕಿದ್ದು ಇದೇ ಕಚೇರಿಯ ಕೆಳಗಿನ ಗೋದಾಮಿನಲ್ಲಿ, ಕಾಗದದ ಕಟ್ಟುಗಳ ಸಂದಿಯಲ್ಲಿ, ಇನ್ನೂ ಕಣ್ಣು ಬಿಡದ ಮರಿ, ತಾಯಿ ಬರಲೇ ಇಲ್ಲ, ಇದು ಉಳಿಯಲ್ಲ ಮೇಡಂ ಸುಮ್ನೆ ಮನಸ್ಸಿಗೆ ಹಚ್ಕೋಬೇಡಿ ಎಂದರು ಗೋದಾಮಿನವರು, ಅವಳು ಶಾಯಿ ತುಂಬುವ ಫಿಲ್ಲರನ್ನು ಬಿಸಿನೀರಲ್ಲಿ ತೊಳೆದು, ಮರಿಗಳಿಗೆಂದೇ ಸಿಗುವ ಪುಡಿ ಕಲಸಿ, ತೊಟ್ಟು ತೊಟ್ಟಾಗಿ ಬಿಟ್ಟಳು, ಒಂದು ದಿನ ಅಂಗೈ ಮೇಲೆ ಗುರ್‌ಗುರ್ ಎಂದಿತು, ಅದರ ನಡುಕ ಅವಳ ಮಣಿಕಟ್ಟಿಗೆ ಹತ್ತಿತು, ಉಳಿಯುತ್ತದೆ ಎಂದು ಆ ಸದ್ದೇ ಹೇಳಿತು, ಅಂದಿನಿಂದ ಆ ಸದ್ದನ್ನು ಅವಳು ನಂಬಿದ್ದಾಳೆ. ಈಗ ಮನೆಯಲ್ಲಿ ಸಾಹೇಬನ ದರ್ಬಾರೇ ಬೇರೆ, ಅತ್ತೆಯ ಕುರ್ಚಿ ಅವನದು, ಬೆಳಿಗ್ಗೆ ಪೊರಕೆ ಕಂಡರೆ ಅತ್ತೆಯ ಜೊತೆ ದಿನಾ ಯುದ್ಧ, ಪಾದ ಚಾಚುವುದು, ಪೊರಕೆ ಬಂದೊಡನೆ ಸರಕ್ಕನೆ ಎಳೆದುಕೊಳ್ಳುವುದು, ಮತ್ತೆ ಚಾಚುವುದು, ಅತ್ತೆ ಬೈಯುತ್ತಾ ಬೈಯುತ್ತಾ ನಗುವುದು. ಈ ಬೆಳಿಗ್ಗೆಯೂ ಅತ್ತೆ ಗುಡಿಸುತ್ತಿದ್ದರು, ನಿನ್ನೆ ಸಂಜೆಯಿಂದ ಸಾಹೇಬರು ತಟ್ಟೆ ಮುಟ್ಟಿಲ್ಲ ಕಣಮ್ಮ, ಮಂಚದ ಕೆಳಗೇ ಇದ್ದಾರೆ, ಒಂದ್ಸಲ ನೋಡು ಎಂದರು, ಅವಳು ಬಗ್ಗಿ ಕಿವಿಗೊಟ್ಟಳು, ಗುರ್‌ಗುರ್, ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು, ಆರಾಮಾಗಿದ್ದಾನೆ ಬಿಡಿ ಅತ್ತೆ, ಬರೀ ನಖರಾ, ಹಸಿವಾದ್ರೆ ತಾನೇ ಬರ್ತಾನೆ, ಚಪ್ಪಲಿ ಮೆಟ್ಟಿದಳು. ಮಂಚದ ಅಂಚಿನಿಂದ ಆ ಬಿಳಿ ಪಾದವಷ್ಟೇ ಹೊರಗಿತ್ತು, ಪೊರಕೆ ಅದನ್ನು ಸವರಿಕೊಂಡು ಹೋಯಿತು.

ಬೆನ್ನ ಹಿಂದೆ ಕೆಮ್ಮು, ತಿರುಗಿ ನೋಡಬೇಕಿಲ್ಲ, ಪ್ರಧಾನ ಸಂಪಾದಕರು, ಏನು ಮಾರ್ಜಾಲ ಮೇಡಂ, ಇನ್ನೂ ಬೆಕ್ಕನ್ನ ಬಿಟ್ಟಿಲ್ವಾ — ಒಂದು ಸಾಲು ಸರ್, ಒಂದೇ ಒಂದು ಸಾಲು ಸೇರಿಸ್ಬೇಕು — ಸೇರಿಸಿದ್ರೆ ಕೆಳಗಿರೋ ಬೆಳ್ಳಕ್ಕಿ ಮುಂದಿನ ಪುಟಕ್ಕೆ ಹಾರುತ್ತೆ, ಅಲ್ಲಿಂದಾಚೆಗೆ ಎಲ್ಲಾ ಮತ್ತೆ ಕಟ್ಟಬೇಕು, ಪುಟ ಕಟ್ಟೋ ಹುಡುಗಿ ನನ್ನನ್ನ ಕಚ್ಚೋಕೆ ಬರ್ತಾಳೆ. ಬರಲಿ, ಅವಳು ಪ್ರೂಫ್ ತಿರುಗಿಸಿ ಬೆರಳಿಟ್ಟಳು, ಸಂತೋಷವಾದಾಗ ಬೆಕ್ಕು ಗುರ್‌ಗುರ್ ಎಂದು ಸದ್ದು ಮಾಡುತ್ತದೆ, ನೋಡಿ ಸರ್, ಇಷ್ಟಕ್ಕೇ ನಿಲ್ಲಿಸಿದ್ದಾರೆ — ಅದರಲ್ಲಿ ತಪ್ಪೇನು, ನಮ್ಮನೆ ಬೆಕ್ಕೂ ಹಾಗೇ ಮಾಡುತ್ತೆ — ತಪ್ಪಲ್ಲ ಸರ್, ಅರ್ಧ, ಅರ್ಧ ನಿಜ ಓದಿದೋರು ಅಷ್ಟೇ ಅಂದ್ಕೊಂಡು ಪುಸ್ತಕ ಮುಚ್ಚಿಬಿಡ್ತಾರೆ. ಹೀಗೆ ನಿಂತು ವಾದಿಸುವುದೆಂದರೆ ಅವಳಿಗೆ ಹಬ್ಬ, ಮಾತು ತಾನಾಗಿಯೇ ಬರುತ್ತದೆ, ಹೋದ ತಿಂಗಳು ಪಶುವೈದ್ಯೆ ಫೋನಿನಲ್ಲಿ ಹೇಳಿದ್ದನ್ನು ಹೇಳಿದಾಗ ಸಂಪಾದಕರ ಕೆಮ್ಮೂ ನಿಂತಿತು — ನೋವಿನಲ್ಲಿರೋ ಬೆಕ್ಕೂ ಗುರ್ ಅನ್ನುತ್ತೆ ಮೇಡಂ, ಹೆರಿಗೆ ನೋವಲ್ಲೂ ಅನ್ನುತ್ತೆ, ನನ್ನ ಮೇಜಿನ ಮೇಲೆ ಪ್ರಾಣ ಬಿಡೋವಾಗ್ಲೂ ಕೇಳಿದೀನಿ, ತನ್ನನ್ನ ತಾನೇ ಸಮಾಧಾನ ಮಾಡ್ಕೊಳ್ಳುತ್ತೋ ಏನೋ, ಜನ ಮಾತ್ರ ಸದ್ದು ಕೇಳಿ ಚೆನ್ನಾಗಿದೆ ಅಂತ ಮನೇಲೇ ಇಟ್ಕೋತಾರೆ, ಕೈಮೀರಿದ ಮೇಲೆ ತರ್ತಾರೆ. ಸಂಪಾದಕರು ಕನ್ನಡಕ ತೆಗೆದು ಒರೆಸಿದರು, ಸರಿ, ಜಾಗಕ್ಕೆ ಏನು ತೆಗೀತೀರಿ — ಈ ಚಿನ್ನದ ತೊಟ್ಟಿಲು ಸರ್, ಯಾವುದೋ ರಾಜನ ಬೆಕ್ಕಿಗೆ ಚಿನ್ನದ ತೊಟ್ಟಿಲಿತ್ತಂತೆ, ಅಂತೆಕಂತೆಗೆಲ್ಲ ವಿಶ್ವಕೋಶದಲ್ಲಿ ಜಾಗ ಯಾಕೆ, ಬರೆದೋರು ಯಾರೋ — ನಾನೇ ಅಮ್ಮಾ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಇಬ್ಬರೂ ನಕ್ಕರು, ಒಂದೇ ಗೀಟಿಗೆ ತೊಟ್ಟಿಲು ಹೋಯಿತು, ಬರೆದು ಕೊಡಿ ಬೇಗ, ನಾನೇ ತಗೊಂಡು ಹೋಗ್ತೀನಿ ಎಂದು ಅವರು ಪಕ್ಕದ ಕುರ್ಚಿಯಲ್ಲಿ ಕೂತರು.

ಈಗ ಸಾಲು, ಅವಳ ಸಾಲು, ಎಷ್ಟು ದಿನದಿಂದ ಬಾಯಲ್ಲೇ ಇದೆ, ಕೆಂಪು ಪೆನ್ನು ಬದಿಗೆ, ನೀಲಿ ಪೆನ್ನು, ಗುಂಡನೆಯ ಅಕ್ಷರ — ನೋವಿನಲ್ಲಿ, ಕಾಯಿಲೆಯಲ್ಲಿ, ಸಾಯುವ ಹೊತ್ತಿನಲ್ಲಿ ಸಹ ಬೆಕ್ಕು ಇದೇ ಸದ್ದು ಮಾಡುವುದುಂಟು, ಆದ್ದರಿಂದ ಸದ್ದನ್ನಷ್ಟೇ ಕೇಳಿ ಅದು ಸುಖವಾಗಿದೆ ಎಂದು ತಿಳಿಯಬಾರದು — ಭೇಷ್, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಈ ಒಂದು ಸಾಲು ಯಾವುದಾದರೂ ಬೆಕ್ಕಿನ ಜೀವ ಉಳಿಸೀತು, ಯಾವುದೋ ಊರಲ್ಲಿ, ಯಾರದೋ ಮನೆಯಲ್ಲಿ, ತಟ್ಟೆ ಮುಟ್ಟದ ಬೆಕ್ಕು ಮೂಲೆ ಸೇರಿರುತ್ತದೆ, ಯಾರೋ ಒಬ್ಬಳು ಪೆದ್ದಿ ಬಗ್ಗಿ ಕಿವಿಗೊಟ್ಟು, ಆರಾಮಾಗಿದ್ದಾನೆ ಬಿಡಿ ಎಂದು ಚಪ್ಪಲಿ ಮೆಟ್ಟಿ — ಪೆನ್ನು ನಿಂತಿತು. ಮೆಟ್ಟಿ ಹೊರಡುವಾಗ ಪೊರಕೆ, ಪೊರಕೆ ಪಾದವನ್ನು ಸವರಿಕೊಂಡು ಹೋಯಿತು, ಸವರಿಕೊಂಡು, ಅಂದರೆ ಪಾದ ಅಲ್ಲೇ ಇತ್ತು, ದಿನಾ ಸರಕ್ಕನೆ ಒಳಗೆ ಹೋಗುವ ಪಾದ, ಅವಳು ನೋಡಿದ್ದಳು, ಬಾಗಿಲಲ್ಲಿ ನಿಂತು ಎರಡು ಕಣ್ಣಲ್ಲೂ ನೋಡಿದ್ದಳು, ಬಸ್ಸಿಗೆ ತಡವಾಯಿತು ಎಂದುಕೊಂಡಿದ್ದಳು. ಫೋನ್ ಎಲ್ಲಿ, ಪ್ರೂಫಿನ ಕೆಳಗೆ, ಕತ್ತರಿ ನೆಲಕ್ಕೆ ಬಿತ್ತು, ಫೋನ್ ಎತ್ತಿ ಅತ್ತೆ, ಎತ್ತಿ — ಹೇಳಮ್ಮ, ಊಟ ಆಯ್ತಾ — ಅತ್ತೆ ಸಾಹೇಬ — ಅಲ್ಲೇ ಇದ್ದಾನೆ, ಗುರ್ ಅಂತಾನೇ ಇದ್ದಾನೆ, ಆರಾಮಾಗಿದ್ದಾನೆ ಅಂತ ನೀನೇ ಹೇಳಿದ್ಯಲ್ಲ, ಅದಕ್ಕೇ ನಾನೂ ಎಬ್ಬಿಸಲಿಲ್ಲ, ಯಾಕೆ ನಿನ್ನ ದನಿ ಹಿಂಗಿದೆ — ಅವನ ಪಾದ ಮುಟ್ಟಿ ಅತ್ತೆ, ಬಿಳಿ ಪಾದ — ತಡಿ, ಬಗ್ಗೋಕೆ ಆಗ್ಬೇಕಲ್ಲ, ಹಾಂ, ಮುಟ್ಟಿದೆ. ಏನೂ ಕೇಳಿಸುವುದಿಲ್ಲ, ಆಮೇಲೆ ಕೇಳಿಸುತ್ತದೆ, ಅತ್ತೆಯ ಫೋನು ಮಂಚದ ಕೆಳಗೆ ಹೋಗಿದೆ, ಗುರ್‌ಗುರ್, ಗುರ್‌ಗುರ್, ಅಂಗೈ ಮೇಲೆ ಮೊದಲ ದಿನ ಕೇಳಿದ ಅದೇ ಸದ್ದು, ಅದರ ಹಿಂದಿನಿಂದ ಅತ್ತೆ, ಮುಟ್ಟಿದ್ರೂ ಎಳ್ಕೊಳ್ತಿಲ್ಲ ಕಣೇ. ಚೀಲದಲ್ಲಿ ಮಲಗಿಸಿ ಅತ್ತೆ, ಡಾಕ್ಟರಮ್ಮನ ಹತ್ರ ಹೊರಡಿ, ನಾನೂ ಅಲ್ಲಿಗೇ ಬಂದೆ ಎನ್ನುತ್ತಿದ್ದಾಳೆ, ಎನ್ನುತ್ತಿರುವುದು ಅವಳೇ ಹೌದೋ, ಚಪ್ಪಲಿ ಮೇಜಿನ ಕೆಳಗೆ ಎಲ್ಲೋ, ಸಂಪಾದಕರು ಪ್ರೂಫ್ ಎತ್ತಿಕೊಂಡು ಗಟ್ಟಿಯಾಗಿ ಓದುತ್ತಿದ್ದಾರೆ, ಸುಖವಾಗಿದೆ ಎಂದು ತಿಳಿಯಬಾರದು, ಚೆನ್ನಾಗಿದೆ ಮೇಡಂ, ಅಚ್ಚಿಗೆ ಕಳಿಸಲಾ, ಪೊರಕೆ ಬರುತ್ತದೆ, ಬಿಳಿ ಪಾದ ಹಾಗೇ ಇದೆ, ಕಳಿಸಲಾ ಮೇಡಂ, ಪೊರಕೆ ಮತ್ತೆ ಬರುತ್ತದೆ, ಎಳೆದುಕೋ, ಎಳೆದುಕೋ ಸಾಹೇಬ, ಬಿಳಿ ಪಾದ ಹಾಗೇ —